ಕಕ್ಕಿಂಜೆಯ ಗಾಳಿ, ಕೊಟ್ಟಿಗೆಹಾರದ ಗಾಳಿ

ಮಂಗಳೂರಿನಿಂದ ಪೂರ್ವಕ್ಕೆ ಹೊರಟ ಹೆದ್ದಾರಿಯು ಬಂಟ್ವಾಳವನ್ನು ದಾಟಿ, ಗುರುವಾಯನಕೆರೆ, ಬೆಳ್ತಂಗಡಿಗಳನ್ನು ಹಾಯ್ದು, ಉಜಿರೆಯಲ್ಲಿ ಧರ್ಮಸ್ಥಳದ ಯಾತ್ರಿಕರನ್ನು ಬಲಕ್ಕೆ ಕಳುಹಿಸಿಕೊಟ್ಟು, ಮುಂಡಾಜೆಯ ಅಡಕೆ ತೋಟಗಳ ನಡುವೆ ಘಟ್ಟದ ಕಡೆಗೆ ಸಾಗುತ್ತದೆ. ಅಲ್ಲಿಯವರೆಗೂ ರಸ್ತೆಗೆ ಅವಸರವಿಲ್ಲ. ಸಣ್ಣ ಸಣ್ಣ ಏರುಗಳನ್ನು ಹತ್ತಿ, ಹತ್ತಿದಷ್ಟನ್ನೂ ಮರುಕ್ಷಣವೇ ಇಳಿದುಬಿಡುವುದು ತುಳುನಾಡಿನ ರಸ್ತೆಗಳ ಸ್ವಭಾವ. ಈ ಆಟ ಮುಗಿಯುವ ಸ್ಥಳವೇ ಕಕ್ಕಿಂಜೆ. ಒಂದು ಸಾಲು ಅಂಗಡಿಗಳು, ಚಹಾದ ಹೋಟೆಲುಗಳು, ತುಳು, ಬ್ಯಾರಿ, ಕನ್ನಡಗಳು ಒಂದರೊಳಗೊಂದು ಬೆರೆತ ಪೇಟೆಯ ಮಾತು, ಸಮೀಪದಲ್ಲಿ ನೇತ್ರಾವತಿಯನ್ನು ಸೇರಲು ಹರಿಯುವ ಮೃತ್ಯುಂಜಯ ಹೊಳೆ. ತಲೆಯೆತ್ತಿ ಪೂರ್ವಕ್ಕೆ ನೋಡಿದರೆ ಆಕಾಶದ ಅರ್ಧವನ್ನು ಮರೆಮಾಡಿ ನಿಂತ ಸಹ್ಯಾದ್ರಿಯ ನೀಲಿಗೋಡೆ. ಮುಂದೆ ಚಾರ್ಮಾಡಿ, ಅದರ ಮುಂದೆ ಘಟ್ಟ, ಘಟ್ಟದ ನೆತ್ತಿಯಲ್ಲಿ ಕೊಟ್ಟಿಗೆಹಾರ.

ಪ್ರವಾಸಿಗೆ ಕಕ್ಕಿಂಜೆಯೆಂದರೆ ಒಂದು ಲೋಟ ಚಹಾ, ಎರಡು ಗೋಳಿಬಜೆ, ಅಷ್ಟೆ. ಆದರೆ ಹಳೆಯ ಮೋಟಾರ್ ಸೈಕಲ್ಲೊಂದನ್ನು ಬಿಚ್ಚಿ, ತೊಳೆದು, ಹೊಸದಾಗಿ ಜೋಡಿಸಿ ತಂದವನಿಗೆ ಈ ಪುಟ್ಟ ಪೇಟೆ ಪರೀಕ್ಷಾ ಮಂದಿರದ ಬಾಗಿಲು. ಸಮತಟ್ಟಾದ ನಗರದ ಬೀದಿಯಲ್ಲಿ ಎಂತಹ ಇಂಜಿನೂ ಒಳ್ಳೆಯ ಇಂಜಿನೇ. ಅದರ ನಿಜವಾದ ಗುಣವನ್ನು ಹೊರಗೆಡಹುವುದು ಇಲ್ಲಿಂದ ಮುಂದಿನ ರಸ್ತೆ. ಗುಣವನ್ನು ನಿರ್ಧರಿಸುವುದೋ, ಕಿರುಬೆರಳಿನ ತುದಿಯಷ್ಟೂ ಇಲ್ಲದ ಒಂದು ಹಿತ್ತಾಳೆಯ ತುಣುಕು. ಅದರ ಹೆಸರು ಜೆಟ್.

ಹಳೆಯ ಮೋಟಾರ್ ಸೈಕಲ್ಲು ಎಂದೊಡನೆ ಕರ್ನಾಟಕದಲ್ಲಿ ಮೊದಲು ನೆನಪಾಗುವುದು ಜಾವಾ. ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿದ ಈ ವಾಹನವು ೧೯೬೧ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕನ್ನಡ ನಾಡಿನ ಮಗುವಾಯಿತು. ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಮುಂದೆ ಅದೇ ಕಾರ್ಖಾನೆಯಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದು, ೧೯೯೬ರಲ್ಲಿ ಕಾರ್ಖಾನೆಯೇ ಮುಚ್ಚಿಹೋಯಿತು. ಒದೆಯುವ ಸನ್ನೆಯೇ ಗೇರಿನ ಸನ್ನೆಯೂ ಆಗುವ ಅದರ ಚಮತ್ಕಾರ, ಎರಡು ಕೊಳವೆಗಳಿಂದ ಹೊರಡುವ ಅದರ ವಿಶಿಷ್ಟ ನಾದ, ಇವನ್ನು ಬಲ್ಲವರು ಇನ್ನೂ ಮರೆತಿಲ್ಲ. ಹಟ್ಟಿಯ ಮೂಲೆಯಲ್ಲಿ, ಕಟ್ಟಿಗೆಯ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಮಲಗಿದ್ದ ಗಾಡಿಗಳು ಮತ್ತೆ ಎದ್ದು ಓಡಾಡುತ್ತಿರುವುದು ಈ ಪ್ರೀತಿಯಿಂದಲೇ. ಕಕ್ಕಿಂಜೆಯಿಂದ ಬಹುದೂರವಿಲ್ಲದ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹವೊಂದನ್ನು ಜೋಪಾನವಾಗಿ ಇರಿಸಲಾಗಿದೆ. ಹಳೆಯ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸೊಪ್ಪದ ಜನ ಈ ಸೀಮೆಯಲ್ಲಿ ಕಡಮೆಯಲ್ಲ.

ಮಲಗಿದ್ದ ಗಾಡಿಯನ್ನು ಎಬ್ಬಿಸುವವನು ಮೊಟ್ಟಮೊದಲು ಕೈಹಾಕುವುದು ಕಾರ್ಬ್ಯುರೇಟರಿಗೆ. ಹಳೆಯ ಪೆಟ್ರೋಲು ಒಣಗಿ, ರಾಳದಂತೆ ಅಂಟಿಕೊಂಡು, ಜೆಟ್ಟಿನ ರಂಧ್ರವನ್ನು ಕಟ್ಟಿಬಿಟ್ಟಿರುತ್ತದೆ. ಇಲ್ಲಿಯೇ ಮೊದಲ ಅನಾಹುತವೂ ನಡೆಯುವುದು. ರಂಧ್ರ ಕಟ್ಟಿದೆಯೆಂದು ಕಂಡೊಡನೆ ಒಂದು ತಂತಿಯ ತುಂಡನ್ನೋ ಹೊಲಿಗೆಯ ಸೂಜಿಯನ್ನೋ ತೂರಿಸಿ ತಿರುವುವುದು ನಮ್ಮ ಕಡೆಯ ಬಹುಕಾಲದ ಚಾಳಿ. ಹಿತ್ತಾಳೆ ಮೆದು, ಉಕ್ಕು ಗಡುಸು. ಹತ್ತು ಬಾರಿ ಹೀಗೆ ತಿರುವಿದ ಜೆಟ್ಟಿನ ಮೇಲೆ ಕೆತ್ತಿದ ಅಂಕಿಗೂ ಅದರ ನಿಜವಾದ ರಂಧ್ರಕ್ಕೂ ಸಂಬಂಧವೇ ಉಳಿಯುವುದಿಲ್ಲ. ಹಿಂದಿನ ಯಜಮಾನನ ಕಾಲದ ಜೆಟ್ಟನ್ನೇ ನಂಬಿ ಲೆಕ್ಕ ಹಾಕುವುದು, ಅಳಿಸಿಹೋದ ಸೇರಿನಿಂದ ಅಕ್ಕಿ ಅಳೆದಂತೆ.

ಹಾಗಾದರೆ ಆ ಅಂಕಿಯ ಅರ್ಥವೇನು? ಜಾವಾದ ಜಿಕೋವ್ ಕಾರ್ಬ್ಯುರೇಟರಿನಲ್ಲಿ ಅದು ರಂಧ್ರದ ವ್ಯಾಸ. ಮಿಲಿಮೀಟರಿನ ನೂರನೆಯ ಒಂದಂಶದ ಲೆಕ್ಕದಲ್ಲಿ. ಜೆಟ್ಟಿನ ಮೇಲೆ ೯೨ ಎಂದಿದ್ದರೆ ರಂಧ್ರ ೦.೯೨ ಮಿಲಿಮೀಟರ್. ಇಂಗ್ಲೆಂಡಿನಲ್ಲಿ ೧೯೨೭ರಲ್ಲಿ ಮೂರು ಸಂಸ್ಥೆಗಳು ಕೂಡಿ ಹುಟ್ಟಿದ ಆಮಲ್ ಸಂಸ್ಥೆಯ ಪದ್ಧತಿ ಬೇರೆ. ಹಳೆಯ ಬುಲೆಟ್ ಗಾಡಿಗಳಲ್ಲಿ ಕಾಣುವ ಆಮಲ್ ಕಾರ್ಬ್ಯುರೇಟರಿನ ಮುಖ್ಯ ಜೆಟ್ಟಿನ ಅಂಕಿಯು ನಿಮಿಷಕ್ಕೆ ಎಷ್ಟು ಘನ ಸೆಂಟಿಮೀಟರು ದ್ರವ ಅದರ ಮೂಲಕ ಹರಿಯುತ್ತದೆ ಎಂಬುದನ್ನು ಹೇಳುತ್ತದೆ. ಒಂದು ಅಗಲವನ್ನು ಹೇಳುವ ಅಂಕಿ, ಇನ್ನೊಂದು ಹರಿವನ್ನು ಹೇಳುವ ಅಂಕಿ. ಇವೆರಡನ್ನೂ ಒಂದೇ ಎಂದು ಭಾವಿಸಿ ‘ಅದರಲ್ಲಿ ಹತ್ತು ಏರಿಸಿದ್ದೆವು, ಇದರಲ್ಲೂ ಹತ್ತು ಏರಿಸೋಣ’ ಎನ್ನುವವನು ತೊಂದರೆಗೆ ಸಿಕ್ಕಿಬೀಳುವುದು ಖಂಡಿತ. ಆಮಲಿನಲ್ಲಿ ೧೫೦ರಿಂದ ೧೬೦ಕ್ಕೆ ಹೋದರೆ ಪೆಟ್ರೋಲು ಶೇಕಡಾ ಏಳರಷ್ಟು ಹೆಚ್ಚುತ್ತದೆ. ಜಿಕೋವಿನಲ್ಲಿ ಅಷ್ಟೇ ಹೆಚ್ಚಳಕ್ಕೆ ೯೨ರಿಂದ ೯೫ಕ್ಕೆ ಹೋದರೆ ಸಾಕು. ಏಕೆಂದರೆ ಹರಿವು ನಿಂತಿರುವುದು ರಂಧ್ರದ ವ್ಯಾಸದ ಮೇಲಲ್ಲ, ವಿಸ್ತಾರದ ಮೇಲೆ. ವ್ಯಾಸ ಶೇಕಡಾ ಮೂರರಷ್ಟು ಬೆಳೆದರೆ ವಿಸ್ತಾರ ಆರಕ್ಕಿಂತಲೂ ಹೆಚ್ಚು ಬೆಳೆಯುತ್ತದೆ. ಕೂದಲಿನ ಎಳೆಯೊಂದರ ಅರ್ಧದಷ್ಟು ಅಗಲದ ಮಾತು ಇದು. ಆದರೆ ಆ ಅರ್ಧ ಎಳೆಯಲ್ಲಿ ಪಿಸ್ಟನಿನ ಆಯುಸ್ಸು ಅಡಗಿದೆ.

ಅದು ಹೇಗೆಂಬುದನ್ನು ತಿಳಿಯಲು ಘಟ್ಟದ ರಸ್ತೆಯ ಸ್ವರೂಪವನ್ನೇ ನೋಡಬೇಕು. ಚಾರ್ಮಾಡಿಯನ್ನು ಬಿಟ್ಟೊಡನೆ ರಸ್ತೆ ಹಾವಿನಂತೆ ಸುತ್ತಿಕೊಳ್ಳತೊಡಗುತ್ತದೆ. ಒಂದು ಮಗ್ಗುಲಿಗೆ ಒರಟು ಬಂಡೆ, ಇನ್ನೊಂದು ಮಗ್ಗುಲಿಗೆ ಪ್ರಪಾತ. ಬಂಡೆಯ ಸಂದುಸಂದಿನಿಂದ ಮಳೆಗಾಲದುದ್ದಕ್ಕೂ ನೀರು ಧುಮುಕುತ್ತಿರುತ್ತದೆ. ೨೦೧೯ರ ಆಗಸ್ಟ್ ತಿಂಗಳ ಮಹಾವೃಷ್ಟಿಯಲ್ಲಿ ಇಲ್ಲಿ ಗುಡ್ಡಗಳೇ ಜಾರಿ ಬಂದು ಸಂಚಾರ ನಿಂತುಹೋಗಿತ್ತು. ಆ ಗಾಯದ ಗುರುತುಗಳನ್ನು ಹಸಿರು ಮೆಲ್ಲಮೆಲ್ಲನೆ ಮುಚ್ಚಿದೆ. ಇಂತಹ ಏರಿನಲ್ಲಿ ಗಾಡಿಯು ಎರಡನೆಯ ಗೇರು, ಮೂರನೆಯ ಗೇರುಗಳಲ್ಲಿಯೇ ಸಾಗಬೇಕು. ಇಂಜಿನು ದುಡಿಯುವುದು ಬಹಳ; ಗಾಡಿ ಮುಂದೆ ಸರಿಯುವುದು ಸ್ವಲ್ಪ. ಗಾಳಿಯಿಂದಲೇ ತಣಿಯಬೇಕಾದ ಸಿಲಿಂಡರಿಗೆ ಎದುರುಗಾಳಿಯೇ ದೊರೆಯದು. ಈ ಹೊತ್ತಿನಲ್ಲಿ ಮಿಶ್ರಣ ತೆಳುವಾಗಿದ್ದರೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲು ಬಾರದಿದ್ದರೆ, ಒಳಗಿನ ಉಷ್ಣ ಮಿತಿಮೀರಿ ಏರುತ್ತದೆ. ಜಾವಾದಂತಹ ಎರಡು ಬಡಿತದ ಇಂಜಿನಿಗೆ ಇನ್ನೂ ಒಂದು ಕಷ್ಟವುಂಟು. ಅದರ ಎಣ್ಣೆ ಬರುವುದೇ ಪೆಟ್ರೋಲಿನಲ್ಲಿ ಬೆರೆತು, ಇಪ್ಪತ್ತು ಇಪ್ಪತ್ತೈದು ಭಾಗಕ್ಕೆ ಒಂದು ಭಾಗದಂತೆ. ಪೆಟ್ರೋಲು ಕಡಮೆಯಾಯಿತೆಂದರೆ ಎಣ್ಣೆಯೂ ಕಡಮೆಯಾಯಿತು. ಮೊದಲು ಕಲ್ಲು ಕುಟ್ಟಿದಂತೆ ಸಣ್ಣ ಸದ್ದು, ಆಮೇಲೆ ಗಾಡಿಯ ಕಸುವು ಎಲ್ಲಿಗೋ ಸೋರಿಹೋದಂತೆ ಒಂದು ಭಾವನೆ, ಕೊನೆಗೆ ಪಿಸ್ಟನು ಹಿಗ್ಗಿ ಸಿಲಿಂಡರಿನ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಹಿಂಬದಿಯ ಚಕ್ರ ಕಟ್ಟಿಹಾಕಿದಂತೆ ನಿಂತುಬಿಡುತ್ತದೆ. ಬಲಿತ ಸವಾರನ ಎಡಗೈ ಇಂತಹ ಏರಿನಲ್ಲಿ ಸದಾ ಕ್ಲಚ್ಚಿನ ಮೇಲಿರುವುದು ಈ ಕಾರಣದಿಂದ. ತಿರುವಿನಲ್ಲಿ, ಪ್ರಪಾತದ ಕಡೆಗೆ ವಾಲಿದ ಗಾಡಿಯ ಚಕ್ರ ಹಾಗೆ ನಿಂತರೆ ನಷ್ಟವಾಗುವುದು ಪಿಸ್ಟನು ಒಂದೇ ಅಲ್ಲ.

ಹೆಚ್ಚಿನವರು ಜೆಟ್ಟೆಂದರೆ ಮುಖ್ಯ ಜೆಟ್ಟೊಂದೇ ಎಂದು ತಿಳಿದಿದ್ದಾರೆ. ಕಾರ್ಬ್ಯುರೇಟರಿನೊಳಗೆ ಅಧಿಕಾರ ಹಂಚಿಹೋಗಿದೆ. ಎಕ್ಸಲರೇಟರು ಎಂಟನೆಯ ಒಂದಂಶ ತೆರೆಯುವವರೆಗೆ ಪೈಲೆಟ್ ಜೆಟ್ಟಿನ ಆಳ್ವಿಕೆ. ಕಾಲುಭಾಗದವರೆಗೆ ಸ್ಲೈಡಿನ ತಳದ ಕೊರೆತದ್ದು. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿಯದು ಮತ್ತು ಅದು ಆಡುವ ಸೂಜಿಜೆಟ್ಟಿನದು. ಮುಕ್ಕಾಲನ್ನು ಮೀರಿದ ಮೇಲಷ್ಟೇ ಮುಖ್ಯ ಜೆಟ್ಟಿನ ದರ್ಬಾರು. ಬಸ್ಸುಗಳ ನಡುವೆ ಕಕ್ಕಿಂಜೆಯ ಪೇಟೆಯನ್ನು ಮೆಲ್ಲನೆ ದಾಟುವಾಗ ಇಂಜಿನು ಉಸಿರಾಡುವುದು ಪೈಲೆಟ್ ಜೆಟ್ಟಿನಿಂದ. ಮುಂಡಾಜೆಯ ಆಚೀಚಿನ ಬಳುಕು ರಸ್ತೆಯಲ್ಲಿ ಸೂಜಿಯಿಂದ. ಘಟ್ಟದಲ್ಲಿಯೋ? ಪ್ರತಿ ತಿರುವಿನಿಂದ ಹೊರಬಂದೊಡನೆ ಅರ್ಧ, ಮುಕ್ಕಾಲು ತೆರೆದು, ಮುಂದಿನ ತಿರುವು ಕಂಡೊಡನೆ ಮುಚ್ಚುವ ಆಟ ಅಲ್ಲಿನದು. ಪೂರ್ತಿ ತೆರೆದು ಹತ್ತುವ ಅವಕಾಶ ಆ ರಸ್ತೆಯಲ್ಲಿ ಅಪರೂಪ. ಆದುದರಿಂದ ಮುಖ್ಯ ಜೆಟ್ಟನ್ನು ಬದಲಾಯಿಸಿ ಸೂಜಿಯನ್ನು ಮುಟ್ಟದೆ ಬಿಟ್ಟವನು ಅರ್ಧ ಕೆಲಸವನ್ನಷ್ಟೇ ಮಾಡಿದಂತೆ. ಸೂಜಿಯ ತಲೆಯ ಬಳಿ ಗೀರುಗಳಿವೆ. ಅದನ್ನು ಹಿಡಿದ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಇಳಿಸಿದರೆ ಸೂಜಿ ಅಷ್ಟು ಮೇಲೇರಿ, ಪೆಟ್ರೋಲು ಅಷ್ಟು ಹೆಚ್ಚಾಗಿ ಬರುತ್ತದೆ. ಘಟ್ಟದ ಅರ್ಧದಷ್ಟು ಕೆಲಸ ಈ ಒಂದು ಗೀರಿನಲ್ಲಿದೆ ಎಂದರೆ ಅತಿಶಯೋಕ್ತಿಯಲ್ಲ.

ಆದರೂ ಜೆಟ್ಟಿಗೆ ಕೈಯಿಡುವ ಮೊದಲು ಉಳಿದುದೆಲ್ಲ ಸರಿಯಾಗಿರಬೇಕು. ಕರಾವಳಿಯ ಹಳೆಯ ಮೆಕ್ಯಾನಿಕನಾದರೆ “ಜೆಟ್ಟು ಆಮೇಲೆ ನೋಡುವ ಮಾರಾಯ್ರೆ, ಮೊದಲು ಗಾಳಿ ಎಲ್ಲಿಂದ ಒಳಗೆ ಬರ್ತದೆ ಹೇಳಿ” ಎಂದಾನು. ಫ್ಲೋಟಿನ ಮಟ್ಟ ತಗ್ಗಿದ್ದರೆ ಎಲ್ಲ ಜೆಟ್ಟುಗಳೂ ತೆಳುವಾಗಿ ವರ್ತಿಸುತ್ತವೆ. ಇಂಜಿನಿಗೂ ಕಾರ್ಬ್ಯುರೇಟರಿಗೂ ನಡುವಿನ ಗ್ಯಾಸ್ಕೆಟ್ಟು ಬಿರುಕು ಬಿಟ್ಟಿದ್ದರೆ ಕಳ್ಳಗಾಳಿ ನುಗ್ಗುತ್ತದೆ. ಎರಡು ಬಡಿತದ ಇಂಜಿನಿನಲ್ಲಿ ಕ್ರ್ಯಾಂಕಿನ ಎಣ್ಣೆಸೀಲು ಸವೆದರೂ ಅದೇ ಫಲ. ಸೂಜಿಜೆಟ್ಟು ದಶಕಗಳ ಅಲುಗಾಟದಿಂದ ಸವೆದು ಅಂಡಾಕಾರವಾಗಿದ್ದರೆ ಮಧ್ಯದ ವೇಗದಲ್ಲಿ ಪೆಟ್ರೋಲು ಹೆಚ್ಚಾಗಿ ಬರುತ್ತದೆ. ಅದನ್ನು ಮುಚ್ಚಲು ಮುಖ್ಯ ಜೆಟ್ಟನ್ನು ಕಿರಿದು ಮಾಡಿದವನು ಏರಿನಲ್ಲಿ ಪಿಸ್ಟನ್ನನ್ನು ಬಲಿಗೊಡುತ್ತಾನೆ. ಜೆಟ್ಟಿನ ಆಯ್ಕೆ ಕಟ್ಟಕಡೆಯ ಕೆಲಸ. ಅವಸರಗಾರರು ಅದನ್ನು ಮೊದಲ ಕೆಲಸ ಮಾಡಿಕೊಂಡಿರುವುದರಿಂದಲೇ ಇಷ್ಟೊಂದು ಗೊಂದಲ.

ಇನ್ನು ಗಾಳಿಯ ಮಾತು. ಕಕ್ಕಿಂಜೆಯಿರುವುದು ಸಮುದ್ರಮಟ್ಟದಿಂದ ಸುಮಾರು ನೂರು ಮೀಟರಿನ ಆಸುಪಾಸಿನಲ್ಲಿ. ಕೊಟ್ಟಿಗೆಹಾರವು ಎಂಟುನೂರು ಒಂಬೈನೂರು ಮೀಟರಿನ ಎತ್ತರದಲ್ಲಿ. ಒಂದು ಗಂಟೆಯೂ ಹಿಡಿಯದ ಈ ಪಯಣದಲ್ಲಿ ಗಾಳಿಯ ಸಾಂದ್ರತೆ ಶೇಕಡಾ ಏಳೆಂಟರಷ್ಟು ಇಳಿದುಹೋಗುತ್ತದೆ. ಇಂಜಿನು ಸೆಳೆಯುವ ಗಾಳಿಯ ಗಾತ್ರ ಅಷ್ಟೇ, ತೂಕ ಕಡಮೆ. ಗಾಳಿಯೊಡನೆ ಪೆಟ್ರೋಲೂ ಕಡಮೆಯಾಗುತ್ತದೆಯಾದರೂ ಅದೇ ಪ್ರಮಾಣದಲ್ಲಿ ಅಲ್ಲ. ಗಾಳಿ ಎಂಟು ಇಳಿದರೆ ಪೆಟ್ರೋಲು ನಾಲ್ಕು ಇಳಿಯುತ್ತದೆ. ಆದುದರಿಂದ ಘಟ್ಟದ ಮೇಲೆ ಮಿಶ್ರಣ ತಾನಾಗಿಯೇ ಶೇಕಡಾ ನಾಲ್ಕರಷ್ಟು ದಟ್ಟವಾಗುತ್ತದೆ. ಹಿಂದಿನ ಕಾಲದಲ್ಲಿ ಲೆಕ್ಕ ಇಲ್ಲಿಗೇ ಮುಗಿಯುತ್ತಿತ್ತು. ಕೆಳಗೆ ಸರಿಯಾಗಿ ಹೊಂದಿಸಿದ ಗಾಡಿ ಮೇಲೆ ತುಸು ಮಂಕಾಗಿ, ತುಸು ಹೊಗೆಯುಗುಳಿ ನಡೆಯುತ್ತಿತ್ತು. ಕಸುವಿನಲ್ಲಿ ಇಳಿದ ಏಳೆಂಟು ಭಾಗವನ್ನು ಯಾವ ಜೆಟ್ಟೂ ಮರಳಿ ಕೊಡಲಾರದು. ಅದು ಬೆಟ್ಟಕ್ಕೆ ಸಲ್ಲಿಸಬೇಕಾದ ಸುಂಕ.

ಈಗ ಪೆಟ್ರೋಲೇ ಬದಲಾಗಿದೆ. ಶೇಕಡಾ ೨೦ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆತು, ೨೦೨೫ರ ವೇಳೆಗೆ ಇಡೀ ದೇಶದ ಸರಾಸರಿಯೇ ಆ ಮಟ್ಟವನ್ನು ಮುಟ್ಟಿತು. ಶುದ್ಧ ಪೆಟ್ರೋಲಿನ ಒಂದು ಭಾಗ ಪೂರ್ತಿ ಉರಿಯಲು ತೂಕದಲ್ಲಿ ೧೪.೭ ಭಾಗ ಗಾಳಿ ಬೇಕು. ಎಥನಾಲಿಗೆ ೯ ಭಾಗ ಸಾಕು. ಅದು ತನ್ನ ಆಮ್ಲಜನಕವನ್ನು ಬುತ್ತಿಯಂತೆ ಕಟ್ಟಿಕೊಂಡೇ ಬರುತ್ತದೆ. ಐದರಲ್ಲಿ ಒಂದು ಪಾಲು ಎಥನಾಲ್ ಇರುವ ಮಿಶ್ರಣಕ್ಕೆ ಬೇಕಾದ ಗಾಳಿ ಹದಿಮೂರೂವರೆ ಭಾಗ. ಹೊಸ ಗಾಡಿಗಳಲ್ಲಿ ಇದನ್ನು ಅರಿತು ಸರಿಪಡಿಸುವ ವಿದ್ಯುನ್ಮಾನ ಮಿದುಳಿದೆ. ಜಾವಾದ ಜೆಟ್ಟಿಗೆ ಮಿದುಳೆಲ್ಲಿಯದು? ಅದು ತನ್ನ ರಂಧ್ರದಷ್ಟನ್ನು ಮಾತ್ರ ಬಿಡುತ್ತದೆ. ಕಾರ್ಖಾನೆಯವರು ಶುದ್ಧ ಪೆಟ್ರೋಲಿಗೆಂದು ಆರಿಸಿದ ಜೆಟ್ಟು ಇಂದಿನ ಪೆಟ್ರೋಲಿನಲ್ಲಿ ಶೇಕಡಾ ಎಂಟರಷ್ಟು ತೆಳುವಾಗಿ ನಡೆಯುತ್ತದೆ. ಹಳೆಯ ಕೈಪಿಡಿಯ ಅಂಕಿಯನ್ನು ವೇದವಾಕ್ಯವೆಂದು ಹಿಡಿದು ಕಕ್ಕಿಂಜೆಯಿಂದ ಏರತೊಡಗುವ ಸವಾರನು ತನಗರಿವಿಲ್ಲದೆಯೇ ಹಸಿದ ಇಂಜಿನಿನ ಮೇಲೆ ಕುಳಿತಿರುತ್ತಾನೆ.

ಇಲ್ಲಿ ಒಂದು ವಿನೋದವುಂಟು. ಎಥನಾಲ್ ಮಾಡಿದ ಎಂಟರ ಸಾಲದಲ್ಲಿ ನಾಲ್ಕನ್ನು ಬೆಟ್ಟದ ಗಾಳಿ ತೀರಿಸುತ್ತದೆ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೋಡಿದರೆ ಹಳೆಯ ಜೆಟ್ಟಿನ ಗಾಡಿ ಅಷ್ಟೇನೂ ಕೆಟ್ಟಿಲ್ಲವೆಂದು ತೋರುತ್ತದೆ. ಮೇಲೆ ನಿಂತು ತೀರ್ಪು ಕೊಡುವವರು ಮೋಸಹೋಗುವುದು ಇಲ್ಲಿಯೇ. ಅಪಾಯವಿರುವುದು ಬುಡದಲ್ಲಿ: ಗಾಳಿ ದಟ್ಟವಾಗಿ, ಸೆಕೆ ಮೈ ಸುಡುವಂತಿದ್ದು, ಏರು ಆರಂಭವಾಗುವ ಮೊದಲ ಕೆಲವು ಮೈಲಿಗಳಲ್ಲಿ. ಜೆಟ್ಟನ್ನು ಆರಿಸಬೇಕಾದುದು ಕಕ್ಕಿಂಜೆಯ ಗಾಳಿಗೆ. ಕೊಟ್ಟಿಗೆಹಾರದಲ್ಲಿ ಅದು ತುಸು ದಟ್ಟವಾದರೆ ಆಗಲಿ. ಹೊಗೆಯಿಂದ ಯಾವ ಪಿಸ್ಟನೂ ಸತ್ತದ್ದಿಲ್ಲ.

ಆಯ್ಕೆಯ ಕ್ರಮ ಹೀಗೆ. ಕೈಪಿಡಿಯ ಅಂಕಿ ೯೨ ಎಂದಿಟ್ಟುಕೊಂಡರೆ, ಎಂಟರ ಕೊರತೆಯನ್ನು ತುಂಬಲು ಲೆಕ್ಕ ೯೫ನ್ನೋ ೯೬ನ್ನೋ ತೋರಿಸುತ್ತದೆ. ಆದರೆ ಮೊದಲು ಹಾಕಬೇಕಾದುದು ಅದಕ್ಕಿಂತಲೂ ದೊಡ್ಡದನ್ನು, ೯೮ನ್ನು. ಮೇಲಿನಿಂದ ಕೆಳಗಿಳಿಯುತ್ತ ಬಂದರೆ ತಪ್ಪಿದಾಗ ಗಾಡಿ ಬಿಟ್ಟುಬಿಟ್ಟು ಹೊಡೆದೀತು, ಗೊರಗೊರ ಎಂದೀತು. ಕೆಳಗಿನಿಂದ ಮೇಲೇರುತ್ತ ಹೋದರೆ ತಪ್ಪಿಗೆ ದಂಡ ಒಂದು ಹೊಸ ಪಿಸ್ಟನು. ಉಜಿರೆಗೂ ಕಕ್ಕಿಂಜೆಗೂ ನಡುವೆ, ಸಂಚಾರ ವಿರಳವಾದ ಮುಂಜಾವಿನಲ್ಲಿ, ಇಂಜಿನು ಚೆನ್ನಾಗಿ ಕಾದಮೇಲೆ, ಒಂದು ಏರನ್ನು ಪೂರ್ತಿ ತೆರೆದ ಎಕ್ಸಲರೇಟರಿನಲ್ಲಿ ಹತ್ತಿ, ಒಮ್ಮೆಲೇ ಕ್ಲಚ್ಚು ಹಿಡಿದು ಇಗ್ನಿಷನ್ನನ್ನು ಆರಿಸಿ, ಉರುಳಿಕೊಂಡು ಬದಿಗೆ ನಿಂತು ಪ್ಲಗ್ಗನ್ನು ಕಳಚಿ ನೋಡಬೇಕು. ಘಟ್ಟದ ತಿರುವುಗಳಲ್ಲಿ ಈ ಪ್ರಯೋಗ ಸಲ್ಲದು. ಪ್ಲಗ್ಗಿನ ಪಿಂಗಾಣಿ ಮಸಿ ಬಳಿದಂತಿದ್ದರೆ ಜೆಟ್ಟು ದೊಡ್ಡದಾಯಿತು. ಸುಣ್ಣದಂತೆ ಬೆಳ್ಳಗಿದ್ದರೆ ಚಿಕ್ಕದಾಯಿತು, ಅಲ್ಲಿಂದ ಮುಂದೆ ಒಂದು ಫರ್ಲಾಂಗೂ ಹೋಗಬಾರದು. ಹಾಲು ಕಡಮೆಯಾದ ಕಾಫಿಯ ಬಣ್ಣವಿದ್ದರೆ ಸರಿ. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಬಣ್ಣ ತುಸು ತಿಳಿಯಾಗಿಯೇ ಕಾಣುವುದರಿಂದ ಹಳೆಯ ಕಣ್ಣಿನ ಅಳತೆಯನ್ನೇ ಪೂರ್ತಿ ನಂಬುವಂತಿಲ್ಲ, ಕಿವಿಯನ್ನೂ ಕೇಳಬೇಕು. ಒಂದು ಬಾರಿಗೆ ಒಂದೇ ಬದಲಾವಣೆ. ಮುಖ್ಯ ಜೆಟ್ಟು ಕುದುರಿದ ಮೇಲೆ ಸೂಜಿ, ಸೂಜಿಯ ಮೇಲೆ ಪೈಲೆಟ್ಟು.

ಹೆದರಿದವರು ಟ್ಯಾಂಕಿಗೆ ಎಣ್ಣೆಯನ್ನು ಕೈಬಿಚ್ಚಿ ಸುರಿಯುವುದೂ ಉಂಟು. ಅದು ವಿಪರೀತ ಫಲ ಕೊಡುತ್ತದೆ. ಜೆಟ್ಟಿನ ಮೂಲಕ ಹೋಗುವ ದ್ರವದಲ್ಲಿ ಎಣ್ಣೆಯ ಪಾಲು ಹೆಚ್ಚಿದಷ್ಟೂ ಪೆಟ್ರೋಲಿನ ಪಾಲು ತಗ್ಗಿ ಮಿಶ್ರಣ ಮತ್ತೂ ತೆಳುವಾಗುತ್ತದೆ. ಮಳೆಗಾಲದಲ್ಲಿ ಇನ್ನೊಂದು ಕೀಟಲೆ: ಎಥನಾಲ್ ನೀರನ್ನು ಹೀರಿಕೊಳ್ಳುವ ಗುಣದ್ದು. ಘಟ್ಟದ ಬುಡದ ಆಷಾಢದಲ್ಲಿ ಅರ್ಧ ಟ್ಯಾಂಕು ಪೆಟ್ರೋಲಿನೊಡನೆ ವಾರಗಟ್ಟಲೆ ನಿಂತ ಗಾಡಿಯ ತಳದಲ್ಲಿ ನೀರು ಬೇರ್ಪಟ್ಟು ಕುಳಿತಿರಬಹುದು. ಆ ನೀರು ಜೆಟ್ಟಿಗೆ ಬಂದಾಗ ಸವಾರನು ಜೆಟ್ಟಿನ ಅಂಕಿಯನ್ನು ಶಪಿಸುತ್ತಾನೆ.

ಇಷ್ಟೆಲ್ಲವನ್ನೂ ಮಾಡಿ ಏರತೊಡಗಿದ ಗಾಡಿಯ ನಾದವೇ ಬೇರೆ. ಕೆಳಗಿನ ಸೆಕೆ ಎಲ್ಲಿಯೋ ಒಂದು ತಿರುವಿನಲ್ಲಿ ಹಿಂದುಳಿಯುತ್ತದೆ. ಮಂಜು ರಸ್ತೆಯ ಮೇಲೆ ಹಾಯುತ್ತದೆ. ಅಣ್ಣಪ್ಪ ಸ್ವಾಮಿಯ ಗುಡಿಯ ಮುಂದೆ ವಾಹನಗಳು ಒಂದು ಕ್ಷಣ ನಿಂತು ಹೋಗುತ್ತವೆ. ಮಲಯಮಾರುತವೆಂಬ ಚೆಲುವಾದ ಹೆಸರಿನ ಅತಿಥಿಗೃಹವನ್ನು ದಾಟಿದರೆ ಕೊಟ್ಟಿಗೆಹಾರ. ಅಲ್ಲಿನ ನೀರುದೋಸೆಗೆ ಊರೂರುಗಳಲ್ಲಿ ಹೆಸರಿದೆ. ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವೂ ಅಲ್ಲಿಯೇ ಇದೆ. ದೋಸೆ ಬರುವಷ್ಟರಲ್ಲಿ ಪ್ಲಗ್ಗನ್ನು ಕಳಚಿ ನೋಡುವ ಉತ್ಸಾಹಿಗೆ ಬಣ್ಣ ಕಕ್ಕಿಂಜೆಯಲ್ಲಿ ಕಂಡುದಕ್ಕಿಂತ ತುಸು ಕಪ್ಪಾಗಿ ಕಂಡೀತು. ಮುಟ್ಟದೆ ಬಿಡುವುದು ಒಳ್ಳೆಯದು.

ಇಳಿಯುವಾಗಲೂ ಎಚ್ಚರ ಬೇಕು. ಎಕ್ಸಲರೇಟರನ್ನು ಪೂರ್ತಿ ಮುಚ್ಚಿ, ಗೇರಿನ ಹಿಡಿತದಲ್ಲಿ ಗಾಡಿಯನ್ನು ಜಾರಲು ಬಿಟ್ಟರೆ ಇಂಜಿನು ವೇಗವಾಗಿ ತಿರುಗುತ್ತಿರುತ್ತದೆ, ಪೆಟ್ರೋಲು ಹನಿಯಷ್ಟು, ಎಣ್ಣೆಯೂ ಹನಿಯಷ್ಟು. ಎರಡು ಬಡಿತದ ಗಾಡಿಯ ಅನುಭವಸ್ಥರು ಇಳಿಜಾರಿನಲ್ಲಿ ಆಗಾಗ್ಗೆ ಎಕ್ಸಲರೇಟರನ್ನು ತುಸು ತಿರುವುತ್ತ ಬರುವುದು ಶೋಕಿಗಲ್ಲ. ಸಿಲಿಂಡರಿಗೆ ಒಂದು ಗುಟುಕು ಎಣ್ಣೆ ಕುಡಿಸಲು.

ಕೊಟ್ಟಿಗೆಹಾರದಿಂದ ಹಿಂದಿರುಗದೆ ಮೂಡಿಗೆರೆಯ ಮೇಲೆ ಚಿಕ್ಕಮಗಳೂರಿಗೆ ಹೋಗಿ, ಅಲ್ಲಿಂದ ಬೆಟ್ಟದ ಸಾಲನ್ನು ಹತ್ತುವವರೂ ಇದ್ದಾರೆ. ೧೯೩೦ ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆರೆಯಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಶೇಕಡಾ ಹದಿನೇಳರಷ್ಟು ತೆಳು. ಮಿಶ್ರಣ ಒಂಬತ್ತು ಹತ್ತರಷ್ಟು ದಟ್ಟ. ಎಥನಾಲಿನ ಎಂಟರ ಕೊರತೆಯನ್ನು ಅದು ತುಂಬಿ, ಇನ್ನೊಂದೆರಡನ್ನು ಕೈಯಲ್ಲಿ ಉಳಿಸುತ್ತದೆ. ಕಕ್ಕಿಂಜೆಯಲ್ಲಿ ಅಪಾಯಕಾರಿಯೆಂದು ಕಳಚಿದ ಹಳೆಯ ೯೨ರ ಜೆಟ್ಟು ಆ ಎತ್ತರದಲ್ಲಿ ತಕ್ಕಮಟ್ಟಿಗೆ ಸರಿಯಾದ ಜೆಟ್ಟು. ಅದನ್ನು ಎಸೆಯದೆ, ಒಂದು ಬಟ್ಟೆಯ ಚೂರಿನಲ್ಲಿ ಸುತ್ತಿ, ಪ್ಲಗ್ಗಿನ ಸ್ಪ್ಯಾನರಿನ ಜೊತೆ ಗಾಡಿಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡವನು ಚಿಕ್ಕಮಗಳೂರಿನಲ್ಲಿ ಅರ್ಧ ಗಂಟೆ ನಿಂತು ಅದನ್ನು ಬದಲಾಯಿಸಿಕೊಳ್ಳಬಹುದು. ಘಟ್ಟ ಇಳಿಯುವ ಮೊದಲು ಮತ್ತೆ ದೊಡ್ಡದನ್ನು ಹಾಕಿಕೊಳ್ಳಲು ಮರೆಯದಿದ್ದರಾಯಿತು.